ರಾಣಿ ಇರುವೆಗೆ ಬಾಣಂತನ

ಭರಣಿ ಮಳೆ ಒಂದೆರಡು ಸಲ ಹೊಯ್ದು ನಿಂತಿತೆಂದರೆ ನನ್ನ ಫೋನಿಗೆ ಫೋಟೊಗಳು ಬರಲು ಶುರು. "ಮೇಡಂ, ಇದು ರಾಣಿನಾ?" ಹಳೇ ವಿದ್ಯಾರ್ಥಿಗಳು, ಅವರ ಮಕ್ಕಳು, ಪಕ್ಕದ ಬೀದಿಯವರು, ಎಲ್ಲರದ್ದೂ ಇದೇ ಪ್ರಶ್ನೆ. ಅರ್ಧಕ್ಕರ್ಧ ಫೋಟೊಗಳಲ್ಲಿ ಇರುವುದು ಗೆದ್ದಲು. ಇನ್ನು ಕೆಲವು ಗಂಡಿರುವೆ. ನಿಜವಾದ ರಾಣಿ ಅಪರೂಪ. ಅದು ಬಂದರೂ ಹದಿನೈದು ದಿನ ಬಿಟ್ಟು ಅದೇ ನಂಬರಿನಿಂದ ಇನ್ನೊಂದು ಮೆಸೇಜು: "ಸತ್ತೋಯ್ತು ಮೇಡಂ. ಸಕ್ಕರೆ, ಬಿಸ್ಕತ್ತು, ಬೆಲ್ಲ, ಎಲ್ಲಾ ಹಾಕಿದ್ದೆ."

ಎಲ್ಲಾ ಹಾಕಿದ್ದೇ ತೊಂದರೆ.

ನಾನು ಮಂಡ್ಯದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತೇನೆ. ಮೈಸೂರಿನ ಮನೆಯಲ್ಲಿ ಇರುವೆ ಸಾಕುತ್ತೇನೆ. ಮೊದಮೊದಲು ನನ್ನ ಕೈಯಲ್ಲೂ ರಾಣಿಗಳು ಹೀಗೇ ಸತ್ತಿವೆ. ಹಾಗಾಗಿ ಈ ಸಲ ಒಬ್ಬೊಬ್ಬರಿಗೆ ಉತ್ತರ ಟೈಪ್ ಮಾಡುವ ಬದಲು ಎಲ್ಲವನ್ನೂ ಇಲ್ಲೇ ಬರೆಯುತ್ತಿದ್ದೇನೆ.

ಮೊದಲು ಗೆದ್ದಲಿನ ವಿಷಯ ಮುಗಿಸಿಬಿಡೋಣ. ಮಳೆ ನಿಂತ ಸಂಜೆ ಟ್ಯೂಬ್‌ಲೈಟಿಗೆ ಮುತ್ತುವ ಈಸಲು ಹುಳ ಗೆದ್ದಲು, ಇರುವೆ ಅಲ್ಲ. ಅದರ ನಾಲ್ಕೂ ರೆಕ್ಕೆ ಒಂದೇ ಉದ್ದ, ಸೊಂಟ ದಪ್ಪ, ಮೀಸೆ ಮಣಿ ಪೋಣಿಸಿದ ಹಾಗೆ ನೇರ. ಇರುವೆಗೆ ಮುಂದಿನ ರೆಕ್ಕೆ ಉದ್ದ, ಹಿಂದಿನದು ಗಿಡ್ಡ, ಸೊಂಟ ದಾರದಷ್ಟು ಸಣ್ಣ, ಮೀಸೆ ಮೊಣಕೈ ಮಡಚಿದ ಹಾಗೆ ಬಾಗಿರುತ್ತದೆ. ಮೀಸೆ ನೋಡಿದರೆ ಸಾಕು, ಗೊತ್ತಾಗಿಬಿಡುತ್ತದೆ.

ಮೈಸೂರು, ಮಂಡ್ಯದಲ್ಲಿ ಹೊಸಬರ ಕೈಗೆ ಜಾಸ್ತಿ ಸಿಗುವುದು ಕಟ್ಟಿರುವೆ ರಾಣಿ. ಕೆಲವರು ಗೊದ್ದ ಅನ್ನುತ್ತಾರಲ್ಲ, ಆ ದೊಡ್ಡ ಕಪ್ಪಿರುವೆ. ಪುಸ್ತಕದ ಹೆಸರು ಕ್ಯಾಂಪೊನೋಟಸ್ ಕಂಪ್ರೆಸಸ್. 1787ರಲ್ಲೇ ಫೆಬ್ರಿಷಿಯಸ್ ಎಂಬ ಡೆನ್ಮಾರ್ಕಿನ ವಿಜ್ಞಾನಿ ಇದಕ್ಕೆ ಹೆಸರಿಟ್ಟ. ಕಲಿಯುವವರಿಗೆ ಇದೇ ಒಳ್ಳೆಯದು. ಇದಕ್ಕೆ ಚುಚ್ಚುವ ಮುಳ್ಳಿಲ್ಲ. ಕಚ್ಚುತ್ತದೆ, ಫಾರ್ಮಿಕ್ ಆಮ್ಲ ಚಿಮುಕಿಸುತ್ತದೆ, ಅಷ್ಟೇ. ಮುಳ್ಳಿರುವ ಕೆಂಪಿರುವೆಗಳನ್ನು ಮಕ್ಕಳ ಕೈಗೆ ಕೊಡಬೇಡಿ. ಕೆಲವರಿಗೆ ಅದರ ವಿಷ ಮೈಗೆ ಆಗುವುದಿಲ್ಲ.

ಕಟ್ಟಿರುವೆ ಗೂಡಲ್ಲಿ ದೊಡ್ಡ ತಲೆಯ ಕೆಲಸಗಾರ ಇರುವೆಗಳೂ ಇರುತ್ತವೆ. ತುಂಬ ಜನ ಅದನ್ನೇ ರಾಣಿ ಅಂದುಕೊಳ್ಳುತ್ತಾರೆ. ತಲೆ ನೋಡಬೇಡಿ, ಬೆನ್ನು ನೋಡಿ. ಹಾರುವ ಸ್ನಾಯು ಇರುವುದು ಎದೆಯ ಭಾಗದಲ್ಲಿ, ಹಾಗಾಗಿ ರಾಣಿಗೆ ಅಲ್ಲಿ ಗೂನು ಬಂದಂತೆ ಉಬ್ಬಿರುತ್ತದೆ. ರೆಕ್ಕೆ ಮುರಿದಿದ್ದರೆ ಆ ಜಾಗದಲ್ಲಿ ಸಣ್ಣ ಗುರುತು ಕಾಣುತ್ತದೆ. ಹೀಗೆ ರೆಕ್ಕೆ ಉದುರಿಸಿಕೊಂಡು, ಕಾಂಪೌಂಡ್ ಬುಡದಲ್ಲೋ ಬೀದಿದೀಪದ ಕೆಳಗೋ ಸಂದಿಗೊಂದಿ ಹುಡುಕುತ್ತಾ ಅವಸರದಲ್ಲಿ ಓಡಾಡುತ್ತಿದ್ದರೆ ಅದು ಗಂಡಿನ ಜೊತೆ ಕೂಡಿ ಇಳಿದ ರಾಣಿ ಇರಬಹುದು. ರೆಕ್ಕೆ ಇನ್ನೂ ಇದ್ದರೆ ಹೇಳುವುದು ಕಷ್ಟ. ಕೂಡಿದ ಮೇಲೂ ಕೆಲವು ರಾಣಿ ರೆಕ್ಕೆ ಇಟ್ಟುಕೊಂಡಿರುತ್ತವೆ. ಹಿಡಿದು ನೋಡಬಹುದು.

ಹಿಡಿಯುವಾಗ ಬೆರಳಲ್ಲಿ ಹಿಸುಕಬೇಡಿ. ಖಾಲಿ ಮಾತ್ರೆ ಡಬ್ಬಿಯನ್ನು ಮುಂದೆ ಹಿಡಿದರೆ ತಾನೇ ಒಳಗೆ ನಡೆಯುತ್ತದೆ. ಒಂದು, ಎರಡು, ಹೆಚ್ಚೆಂದರೆ ಮೂರು ಸಾಕು. ಬಂಡೀಪುರ, ನಾಗರಹೊಳೆ, ರಂಗನತಿಟ್ಟು ಇಂಥ ಕಡೆಯಿಂದ ಏನನ್ನೂ ಎತ್ತಿಕೊಂಡು ಬರುವ ಹಾಗಿಲ್ಲ, ಇರುವೆಯನ್ನೂ ಕೂಡ. ಗೂಡು ಅಗೆದು ರಾಣಿ ತೆಗೆಯುವವರ ಜೊತೆ ನನಗೆ ಮಾತೇ ಇಲ್ಲ. ಆ ಗೂಡು ಪೂರ್ತಿ ಹಾಳಾಗುತ್ತದೆ.

ಒಂದು ತಮಾಷೆ ಹೇಳಬೇಕು. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಓಡಾಡುವಾಗ ಒಂಟಿಯಾಗಿ ತಿರುಗುವ, ಮೈಮೇಲೆ ಗೆರೆ ಕೊರೆದಂತಿರುವ ಕಪ್ಪಿರುವೆ ನೋಡಿರಬಹುದು. ಡಯಾಕಮ್ಮ ಅಂತ ಅದರ ಹೆಸರು. ಎಷ್ಟೇ ಹುಡುಕಿದರೂ ಅದರಲ್ಲಿ ರಾಣಿ ಸಿಗುವುದಿಲ್ಲ, ಯಾಕೆಂದರೆ ಆ ಜಾತಿಗೆ ರಾಣಿಯೇ ಇಲ್ಲ! ಕೆಲಸಗಾರ ಇರುವೆಗಳಲ್ಲೇ ಒಂದು ಗಂಡಿನ ಜೊತೆ ಕೂಡಿ ಮೊಟ್ಟೆ ಇಡುತ್ತದೆ. ಹುಟ್ಟುವಾಗ ಎಲ್ಲದಕ್ಕೂ ಬೆನ್ನಮೇಲೆ ಮೊಗ್ಗಿನಂಥ ಪುಟ್ಟ ಅಂಗ ಇರುತ್ತದೆ. ಯಜಮಾನಿ ಹೊಸದಾಗಿ ಹುಟ್ಟಿದವರ ಮೊಗ್ಗನ್ನು ಕಡಿದುಹಾಕುತ್ತಾಳೆ. ಮೊಗ್ಗು ಹೋದವಳು ಮತ್ತೆ ಗಂಡಿನ ಜೊತೆ ಕೂಡುವ ಹಾಗಿಲ್ಲ. ಇದನ್ನು ಕ್ಲಾಸಿನಲ್ಲಿ ಹೇಳಿದಾಗ ಹಿಂದಿನ ಬೆಂಚಿನವರೂ ಎದ್ದು ಕೂರುತ್ತಾರೆ.

ಸರಿ, ನಮ್ಮ ಕಟ್ಟಿರುವೆಗೆ ಬರೋಣ. ರಾಣಿ ಸಿಕ್ಕಿತು, ಈಗ ಏನು ಮಾಡಬೇಕು?

ಹಳೇ ಮೈಸೂರು ಮನೆಗಳಲ್ಲಿ ಬಾಣಂತಿ ಕೋಣೆ ಹೇಗಿರುತ್ತಿತ್ತು ನೆನಪಿದೆಯಾ? ಕತ್ತಲು, ಬೆಚ್ಚಗೆ, ಗಾಳಿ ಬಡಿಯದ ಹಾಗೆ. ಕಂಡಕಂಡವರು ಒಳಗೆ ಇಣುಕುವ ಹಾಗಿಲ್ಲ. ರಾಣಿ ಇರುವೆ ಕೇಳುವುದೂ ಅದನ್ನೇ. ಒಂದೇ ವ್ಯತ್ಯಾಸ, ಇಲ್ಲಿ ತುಪ್ಪ ಅನ್ನ ಇಲ್ಲ. ಪೂರ್ತಿ ಉಪವಾಸ.

ಉಪವಾಸ ಹೇಗೆ ಸಾಧ್ಯ ಅಂತ ಕೇಳುತ್ತಾರೆ. ರೆಕ್ಕೆ ಉದುರಿದ ಮೇಲೆ ಹಾರುವ ಸ್ನಾಯುವಿಗೆ ಕೆಲಸವಿಲ್ಲ, ಅಲ್ವಾ? ರಾಣಿಯ ಮೈ ಆ ಸ್ನಾಯುವನ್ನೇ ಕರಗಿಸಿ ಆಹಾರ ಮಾಡಿಕೊಳ್ಳುತ್ತದೆ. ಹೊಟ್ಟೆಯಲ್ಲಿ ಕೂಡಿಟ್ಟ ಕೊಬ್ಬೂ ಇದೆ. ಅದರಲ್ಲೇ ಮೊಟ್ಟೆ ಇಟ್ಟು, ಮರಿಹುಳುಗಳಿಗೆ ಬಾಯಿಂದ ಬಾಯಿಗೆ ಉಣಿಸಿ, ಮೊದಲ ಮಕ್ಕಳನ್ನು ದೊಡ್ಡದು ಮಾಡುತ್ತದೆ. ಕಾಡಲ್ಲಿ ಮಣ್ಣೊಳಗೆ ಬಾಗಿಲು ಮುಚ್ಚಿಕೊಂಡು ಕೂರುವ ಜೀವ ಅದು. ನೀವು ಹಾಕಿದ ಬಿಸ್ಕತ್ತು ಅದಕ್ಕೆ ಬೇಕಿಲ್ಲ. ಬಿಸ್ಕತ್ತಿನಲ್ಲಿ ಬೂಸ್ಟು ಬೆಳೆಯುತ್ತದೆ, ಮುಚ್ಚಳ ತೆಗೆದು ಹಾಕುವಾಗಲೆಲ್ಲ ಅದು ಹೆದರುತ್ತದೆ. ಹೆದರಿದ ರಾಣಿ ತನ್ನ ಮೊಟ್ಟೆ ತಾನೇ ತಿನ್ನುತ್ತದೆ. ಕ್ರೂರ ಅನ್ನಬೇಡಿ. ಸಂಕಟ ಬಂದಾಗ ಹಾಕಿದ ಬಂಡವಾಳ ವಾಪಸ್ ತೆಗೆದುಕೊಳ್ಳುವ ಲೆಕ್ಕ ಅದು.

ಎಲ್ಲ ಜಾತಿಗೂ ಈ ಉಪವಾಸ ಹೊಂದುವುದಿಲ್ಲ. ಕುಪ್ಪಳಿಸುವ ಇರುವೆ ಹಾರ್ಪೆಗ್ನಾಥಸ್ ನಮ್ಮ ರಾಜ್ಯದಲ್ಲಿದೆ. ಅದರ ರಾಣಿ ಶುರುವಿನಲ್ಲೂ ಹೊರಗೆ ಹೋಗಿ ಬೇಟೆಯಾಡಬೇಕು. ಅದನ್ನು ಹೊಸಬರು ಮುಟ್ಟದಿರುವುದೇ ಲೇಸು.

ಬಾಣಂತಿ ಕೋಣೆಗೆ ಟೆಸ್ಟ್ ಟ್ಯೂಬ್‌ಗಿಂತ ಒಳ್ಳೆಯದು ನಾನು ಕಂಡಿಲ್ಲ. 16 ಮಿ.ಮೀ. ಅಗಲ, 150 ಮಿ.ಮೀ. ಉದ್ದದ್ದು ಕಟ್ಟಿರುವೆಗೆ ಸರಿ. ಮೂರನೇ ಒಂದು ಭಾಗ ಕುದಿಸಿ ಆರಿಸಿದ ನೀರು ಹಾಕಿ. ಹತ್ತಿ ಉಂಡೆಯನ್ನು ನೀರಿಗೆ ಮುಟ್ಟುವವರೆಗೆ ನಿಧಾನ ತಳ್ಳಿ. ಹತ್ತಿ ಮತ್ತು ನೀರಿನ ನಡುವೆ ಗಾಳಿ ಗುಳ್ಳೆ ಉಳಿಯಬಾರದು. ಯಾಕೆ ಗೊತ್ತಾ? ಮಧ್ಯಾಹ್ನ ಕೋಣೆ ಕಾದಾಗ ಆ ಗಾಳಿ ಹಿಗ್ಗಿ ನೀರನ್ನು ಹತ್ತಿಯಾಚೆ ದೂಡುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ರಾಣಿ ಸಂಜೆಗೆ ನೀರಲ್ಲಿ ತೇಲುತ್ತಿರುತ್ತದೆ. ಮೇಲಿನ ಒಣ ಜಾಗಕ್ಕೆ ರಾಣಿಯನ್ನು ಬಿಟ್ಟು, ಬಾಯಿಗೆ ಇನ್ನೊಂದು ಹತ್ತಿ ಉಂಡೆ ಸ್ವಲ್ಪ ಸಡಿಲವಾಗಿ ತುರುಕಿ. ಗಾಳಿ ಅಷ್ಟರಲ್ಲೇ ಆಡುತ್ತದೆ. ಟ್ಯೂಬನ್ನು ಮಲಗಿಸಿ ಇಡಬೇಕು.

ಎಲ್ಲಿ ಇಡಬೇಕು? ಅಲಮಾರಿಯ ಕತ್ತಲ ಮೂಲೆ. ಬಾಗಿಲು ಬಡಿಯುವ, ಮಿಕ್ಸಿ ಓಡುವ, ಬಿಸಿಲು ಬೀಳುವ ಜಾಗ ಬೇಡ. ಕಿಟಕಿ ಪಕ್ಕ ಹತ್ತು ನಿಮಿಷ ಬಿಸಿಲು ಬಿದ್ದರೂ ಗಾಜಿನ ಒಳಗೆ ಒಲೆಯಾಗುತ್ತದೆ. ವಾರಕ್ಕೊಮ್ಮೆ ನೋಡಿ. ಕೆಂಪು ಜಿಲೇಟಿನ್ ಕಾಗದ ಸುತ್ತಿ ನೋಡಿದರೆ ಇನ್ನೂ ಒಳ್ಳೆಯದು. ಕೆಂಪು ಬೆಳಕು ಹೆಚ್ಚಿನ ಇರುವೆಗಳಿಗೆ ಅಷ್ಟಾಗಿ ಕಾಣುವುದಿಲ್ಲ.

ಯೂಟ್ಯೂಬ್ ನೋಡಿ ಬರುವವರಿಗೆ ಒಂದು ಮಾತು. ಅಲ್ಲಿನ ಸಲಹೆ ಬಹಳಷ್ಟು ಯೂರೋಪಿನ ಇರುವೆಗಳಿಗೆ ಹೇಳಿದ್ದು. ಅವರ ಮನೆ ಥಂಡಿ, ಅವರಿಗೆ ಹೀಟರ್ ಬೇಕು. ನಮ್ಮಲ್ಲಿ ಏಪ್ರಿಲ್‌ನಿಂದ ಜುಲೈವರೆಗೆ ಕೋಣೆಯ ಬಿಸಿಯೇ ಸಾಕು. ಅವರ ಇರುವೆ ಚಳಿಗಾಲದಲ್ಲಿ ತಿಂಗಳುಗಟ್ಟಲೆ ನಿದ್ದೆ ಹೋಗುತ್ತದೆ, ಹಾಗಾಗಿ ಫ್ರಿಜ್ಜಿನಲ್ಲಿ ಇಡುತ್ತಾರೆ. ನನ್ನ ವಿದ್ಯಾರ್ಥಿಯೊಬ್ಬ ಅದನ್ನು ನೋಡಿ ಡಿಸೆಂಬರ್‌ನಲ್ಲಿ ಟ್ಯೂಬನ್ನು ಮೊಸರಿನ ಪಕ್ಕ ಇಟ್ಟಿದ್ದ. ಮೈಸೂರಿನ ಇರುವೆಗೆ ಎಂಥ ಚಳಿನಿದ್ದೆ! ಮೂರೇ ದಿನಕ್ಕೆ ಮುಗಿಯಿತು.

ಮೊಟ್ಟೆ ಒಂದೆರಡು ವಾರದಲ್ಲಿ ಕಾಣುತ್ತದೆ, ರವೆ ಕಾಳಿನ ಥರ. ಅದು ಮರಿಹುಳು ಆಗಿ, ಮರಿಹುಳು ರೇಷ್ಮೆ ಸುತ್ತಿಕೊಂಡು ಗೂಡು ಕಟ್ಟುತ್ತದೆ. ಮಂಡ್ಯದವರಿಗೆ ಇದನ್ನು ವಿವರಿಸಬೇಕಿಲ್ಲ, ರೇಷ್ಮೆ ಗೂಡನ್ನು ಜೀರಿಗೆ ಗಾತ್ರಕ್ಕೆ ಇಳಿಸಿಕೊಳ್ಳಿ ಅಷ್ಟೇ. ಬಣ್ಣ ಮಾಸಲು ಕಂದು. ಮೊಟ್ಟೆಯಿಂದ ಮೊದಲ ಇರುವೆ ಹೊರಗೆ ಬರಲು ಹೆಚ್ಚುಕಡಿಮೆ ಎರಡು ತಿಂಗಳು. ಹೊತ್ತು ಬಂದಾಗ ರಾಣಿಯೇ ಗೂಡು ಹರಿದು ಮಗುವನ್ನು ಎಳೆದು ತೆಗೆಯುತ್ತದೆ. ಟ್ಯೂಬಿನ ಮುಂದೆ ಉಸಿರು ಹಿಡಿದು ಕೂತು ಅದನ್ನು ಎರಡೇ ಸಲ ನೋಡಿದ್ದೇನೆ.

ಎರಡು ತಿಂಗಳಾದರೂ ಮೊಟ್ಟೆಯೇ ಇಲ್ಲದಿದ್ದರೆ, ಅಥವಾ ಮೊಟ್ಟೆ ಒಡೆಯದಿದ್ದರೆ, ರಾಣಿ ಬಹುಶಃ ಗಂಡಿನ ಜೊತೆ ಕೂಡಿಲ್ಲ. ಇರುವೆಗಳಲ್ಲಿ ವೀರ್ಯ ಸೇರಿದ ಮೊಟ್ಟೆ ಹೆಣ್ಣಾಗುತ್ತದೆ, ಸೇರದ್ದು ಗಂಡಾಗುತ್ತದೆ. ಗಂಡು ಗೂಡಿನ ಕೆಲಸ ಮಾಡುವುದಿಲ್ಲ. (ನಮ್ಮ ಸ್ಟಾಫ್ ರೂಮಿನಲ್ಲಿ ಈ ವಾಕ್ಯ ಹೇಳಿ ಬೈಸಿಕೊಂಡಿದ್ದೇನೆ.) ಕೂಡಿದ ರಾಣಿ ಒಂದೇ ಸಂಜೆ ಪಡೆದ ವೀರ್ಯವನ್ನು ಜೀವಮಾನವಿಡೀ ಒಳಗೆ ಕಾಪಾಡಿಕೊಳ್ಳುತ್ತದೆ. ಜೀವಮಾನವೆಂದರೆ ಸಣ್ಣದಲ್ಲ. ಇಂಗ್ಲೆಂಡಿನ ಜಾನ್ ಲಬಕ್ ಗಾಜಿನ ಹಲಗೆಗಳ ನಡುವೆ ಇರುವೆ ಸಾಕುತ್ತಿದ್ದರು. 1874ರಲ್ಲಿ ಅವರಿಗೆ ಸಿಕ್ಕ ಒಂದು ರಾಣಿ 1888ರವರೆಗೆ ಬದುಕಿತ್ತು.

ಮೊದಲ ಮಕ್ಕಳು ಸಣಕಲು, ಕಟ್ಟಿರುವೆ ಅಂತ ಗುರುತೇ ಸಿಗದಷ್ಟು ಸಣ್ಣ. ಉಪವಾಸವಿದ್ದ ತಾಯಿ ಇನ್ನೇನು ಕೊಟ್ಟಾಳು? ಅವು ಓಡಾಡಲು ಶುರುಮಾಡಿದ ಎರಡು ಮೂರು ದಿನಕ್ಕೆ ನಿಮ್ಮ ಕೆಲಸ ಶುರು. ಪ್ಲಾಸ್ಟಿಕ್ ಚೂರಿನ ಮೇಲೆ ಸಕ್ಕರೆ ನೀರು, ಒಂದು ಭಾಗ ಸಕ್ಕರೆಗೆ ಮೂರು ಭಾಗ ನೀರು, ಸಾಸಿವೆ ಗಾತ್ರದ ಹನಿ. ದೊಡ್ಡ ಹನಿ ಹಾಕಿದರೆ ಅಂಟಿಕೊಂಡು ಸಾಯುತ್ತವೆ. ಮಂಡ್ಯದಲ್ಲಿ ಅನ್ನ ತಿನ್ನುವವಳಾಗಿ ಬೆಲ್ಲ ಬೇಡ ಅನ್ನಲು ಮನಸ್ಸಿಲ್ಲ. ಆದರೆ ಬೆಲ್ಲದ ನೀರು ಬೇಗ ಹುಳಿಯಾಗುತ್ತದೆ, ಸಕ್ಕರೆಯೇ ಇರಲಿ. ಮರಿಹುಳು ಬೆಳೆಯಲು ಮಾಂಸವೂ ಬೇಕು. ಬ್ಯಾಟಿನಲ್ಲಿ ಹೊಡೆದ ಒಂದು ಸೊಳ್ಳೆ, ಬಾಳೆಸಿಪ್ಪೆಗೆ ಬರುವ ನೊಣ, ಚೂರು ಜಿರಲೆಕಾಲು ಸಾಕು. ಸ್ಪ್ರೇ ಹೊಡೆದು ಸತ್ತ ಹುಳು ಮಾತ್ರ ಖಂಡಿತ ಬೇಡ. ಉಳಿದದ್ದನ್ನು ಮಾರನೇ ದಿನ ತೆಗೆದುಹಾಕಿ.

ಇನ್ನು ಮನೆಯೊಳಗಿನ ಶತ್ರುಗಳು. ಮೊದಲನೆಯದು ಬೇರೆ ಇರುವೆ. ಅಡುಗೆಮನೆಯ ಸಣ್ಣ ಇರುವೆಗಳು ಸಕ್ಕರೆ ವಾಸನೆ ಹಿಡಿದು ಬಂದು ಒಂದೇ ರಾತ್ರಿಯಲ್ಲಿ ಮರಿಗಳನ್ನೆಲ್ಲ ಹೊತ್ತುಕೊಂಡು ಹೋಗುತ್ತವೆ. ಅಜ್ಜಿ ಕಾಲದಲ್ಲಿ ಜಾಲರಿ ಬೀರುವಿನ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಡುತ್ತಿದ್ದರಲ್ಲ, ಅದೇ ಉಪಾಯ. ಒಂದು ತಟ್ಟೆಗೆ ನೀರು ಹಾಕಿ, ನಡುವೆ ಬಟ್ಟಲು ಬೋರಲು ಹಾಕಿ, ಅದರ ಮೇಲೆ ಟ್ಯೂಬ್ ಇಡಿ.

ಎರಡನೆಯದು ನಾವೇ. ಒಂದು ವರ್ಷ ಆಯುಧಪೂಜೆಗೆ ಮನೆ ತೊಳೆಯುವಾಗ ನಮ್ಮ ಅತ್ತೆ ನನ್ನ ಮೇಜಿನ ಸುತ್ತ ಇರುವೆ ಚಾಕ್‌ಪೀಸಿನಿಂದ ಅಚ್ಚುಕಟ್ಟಾಗಿ ಗೆರೆ ಎಳೆದಿದ್ದರು. "ನಿನ್ನ ಪುಸ್ತಕಕ್ಕೆಲ್ಲ ಇರುವೆ ಹತ್ತಿತ್ತಮ್ಮ, ಅದಕ್ಕೇ" ಅಂದರು. ಟ್ಯೂಬಿನಲ್ಲಿ ನಲವತ್ತರಷ್ಟು ಇರುವೆ ಇದ್ದವು. ಚಾಕ್‌ಪೀಸಿನ ಪುಡಿ ಹೇಗೋ ಒಳಗೆ ಹೋಗಿತ್ತು. ರಾಣಿ ಎರಡು ದಿನ ಕಾಲು ಆಡಿಸಿತು, ಅಷ್ಟೇ. ಅತ್ತೆಯದ್ದೇನೂ ತಪ್ಪಿಲ್ಲ, ನಾನು ಹೇಳಿರಲಿಲ್ಲ. ಈಗ ಟ್ಯೂಬಿನ ಮೇಲೆ "ಇರುವೆ ಇದೆ, ಮುಟ್ಟಬೇಡಿ" ಅಂತ ಚೀಟಿ ಅಂಟಿಸುತ್ತೇನೆ. ಸೊಳ್ಳೆಬತ್ತಿ ಹಚ್ಚುವ ಕೋಣೆಯಲ್ಲೂ ಇಡುವುದಿಲ್ಲ.

ದೊಡ್ಡ ಗೂಡಿಗೆ ಸಾಗಿಸುವ ಆತುರ ಎಲ್ಲರಿಗೂ. ಐದು ಇರುವೆಗೆ ಕಲ್ಯಾಣಮಂಟಪ ಕಟ್ಟಿಕೊಟ್ಟರೆ ಅವು ಮೂಲೆ ಹಿಡಿದು ಕೂರುತ್ತವೆ, ಕಸ ಇನ್ನೊಂದು ಮೂಲೆಯಲ್ಲಿ ಕೊಳೆಯುತ್ತದೆ. ಇಪ್ಪತ್ತೈದು ಮೂವತ್ತು ಆಗುವವರೆಗೆ ಟ್ಯೂಬೇ ಸಾಕು. ಆಮೇಲೆ ಹಗುರ ಸಿಮೆಂಟ್ ಇಟ್ಟಿಗೆ ಕೊರೆದು ಗಾಜು ಮುಚ್ಚಿ ಗೂಡು ಮಾಡಬಹುದು. ಒಂದು ಬದಿ ಒದ್ದೆ, ಇನ್ನೊಂದು ಬದಿ ಒಣ ಇರಲಿ, ಬೇಕಾದ ಕಡೆ ಅವೇ ಮರಿ ಹೊತ್ತುಕೊಂಡು ಹೋಗುತ್ತವೆ. ಬಲವಂತವಾಗಿ ಕೊಡವಿ ಸುರಿಯಬೇಡಿ. ಹಳೇ ಟ್ಯೂಬಿಗೆ ಬೆಳಕು ಬಿಟ್ಟು ಹೊಸದನ್ನು ಕತ್ತಲಾಗಿಡಿ, ಒಂದೆರಡು ದಿನದಲ್ಲಿ ಸಾಮಾನು ಸಾಗಿಸುತ್ತವೆ. ಡಬ್ಬಿಯ ಅಂಚಿಗೆ ಟಾಲ್ಕಂ ಪೌಡರನ್ನು ಸ್ಪಿರಿಟಿನಲ್ಲಿ ಕಲಸಿ ಬಳಿದರೆ ಕಾಲು ಜಾರಿ ಹತ್ತಲಾರವು.

ಹೊರದೇಶದ ರಾಣಿಗಳನ್ನು ತರಿಸಬಹುದಾ ಅಂತ ಕಳೆದ ತಿಂಗಳು ಒಬ್ಬರು ಕೇಳಿದರು. ಬೇಡ. ತಪ್ಪಿಸಿಕೊಂಡ ಹೊರಗಿನ ಇರುವೆ ಇಲ್ಲಿನ ಇರುವೆಗಳ ಜಾಗ ಕಬಳಿಸಬಹುದು. ಜೊತೆಗೆ ಇದೊಂದು ಕಳ್ಳಸಾಗಣೆಯ ದಂಧೆಯೂ ಆಗಿದೆ. 2025ರಲ್ಲಿ ಕೆನ್ಯಾದಲ್ಲಿ ಇಬ್ಬರು ಬೆಲ್ಜಿಯಂ ಹುಡುಗರು ಸುಮಾರು 5,000 ರಾಣಿ ಇರುವೆಗಳ ಜೊತೆ ಸಿಕ್ಕಿಬಿದ್ದು ದಂಡ ಕಟ್ಟಿದರು. ಆ ರಾಣಿಗಳೂ ಹತ್ತಿ ತುರುಕಿದ ಟ್ಯೂಬುಗಳಲ್ಲೇ ಇದ್ದವು.

ಸಾಕಲು ಬೇಸರವಾದರೆ, ಅಥವಾ ಮಗನಿಗೆ ಪರೀಕ್ಷೆ ಬಂದರೆ, ಹಿಡಿದ ಜಾಗಕ್ಕೇ ಹೋಗಿ ಸಂಜೆ ಹೊತ್ತು ಮರದ ಬುಡದ ಮೆತ್ತನೆ ಮಣ್ಣಿನ ಪಕ್ಕ ಟ್ಯೂಬಿನ ಬಾಯಿ ತೆಗೆದು ಮಲಗಿಸಿ ಬನ್ನಿ. ಮಾರನೇ ದಿನ ಹೋಗಿ ಖಾಲಿ ಟ್ಯೂಬ್ ಎತ್ತಿಕೊಂಡು ಬರುವುದು ಮರೆಯಬೇಡಿ, ಅದು ಗಾಜು.