ಅರ್ಧ ನಿಷೇಧದ ಲೆಕ್ಕ

1971ರ ಜನವರಿ 2ರಿಂದ ಅಮೆರಿಕದ ಟಿವಿ, ರೇಡಿಯೋಗಳಲ್ಲಿ ಸಿಗರೇಟ್ ಜಾಹೀರಾತು ಬಂದ್ ಆಯಿತು. ಸೇದುವುದು ಇಳಿಯಬೇಕಿತ್ತಲ್ಲ? ಇಳಿಯಲಿಲ್ಲ, ಆಮೇಲೆ ತುಸು ಏರಿತು. ನಿಷೇಧದಿಂದ ಪ್ರಯೋಜನವಿಲ್ಲ ಎನ್ನುವವರಿಗೆ ಇದೊಂದು ಸಿದ್ಧ ಉದಾಹರಣೆ. ಆದರೆ ಲೆಕ್ಕವನ್ನು ಅವರು ನಡುವಿನಿಂದ ಶುರುಮಾಡುತ್ತಾರೆ.

1967ರಲ್ಲಿ ಅಲ್ಲಿನ ಪ್ರಸಾರ ಆಯೋಗ, ವಿವಾದದ ವಿಷಯದಲ್ಲಿ ಎರಡೂ ಕಡೆಯವರ ಮಾತು ಬರಬೇಕೆಂಬ ನಿಯಮವನ್ನು ಸಿಗರೇಟಿಗೂ ಅನ್ವಯಿಸಿತ್ತು. ಹೆಚ್ಚುಕಡಿಮೆ ಮೂರು ಸಿಗರೇಟ್ ಜಾಹೀರಾತಿಗೆ ಒಂದರಂತೆ ಧೂಮಪಾನ ವಿರೋಧಿ ಪ್ರಚಾರ, ಅದೂ ಪುಕ್ಕಟೆಯಾಗಿ, ಪ್ರಸಾರವಾಯಿತು. ಆ ಮೂರು ವರ್ಷ ತಲಾ ಬಳಕೆ ಇಳಿದಿತ್ತು. 1971ರಲ್ಲಿ ಜಾಹೀರಾತು ಹೋದಾಗ ಅದಕ್ಕೆ ಎದುರುತ್ತರ ಕೊಡಿಸುವ ಕಟ್ಟುಪಾಡೂ ಹೋಯಿತು. ಕಂಪನಿಗಳ ಹಣವೇನೂ ಮನೆಯಲ್ಲಿ ಕೂರಲಿಲ್ಲ. ಪತ್ರಿಕೆ, ರಸ್ತೆಬದಿಯ ಬೋರ್ಡು, ಕ್ರೀಡೆಗಳತ್ತ ಹರಿಯಿತು. ಅದೇ ವರ್ಷ ನಾಸ್ಕಾರ್ ಕಾರ್ ರೇಸ್ ಸರಣಿಗೆ ವಿನ್‌ಸ್ಟನ್ ಸಿಗರೇಟಿನ ಹೆಸರು ಅಂಟಿತು. ಬಾಗಿಲು ಮುಚ್ಚಿದರೆ ಕಿಟಕಿ!

ಜಾಹೀರಾತಿನ ಪರಿಣಾಮ ಅಳೆಯುವುದರಲ್ಲೇ ಒಂದು ತೊಡಕಿದೆ. ಮೊದಲ ಹತ್ತು ಸಲ ಕಂಡಾಗ ನಾಟುವಷ್ಟು ಅದು ನೂರನೇ ಸಲ ನಾಟದು. ವೆಚ್ಚ ಏರಿದಂತೆ ಪರಿಣಾಮದ ಗೆರೆ ಮೊದಲು ಕಡಿದಾಗಿ ಏರಿ, ಆಮೇಲೆ ಚಪ್ಪಟೆಯಾಗುತ್ತದೆ. ದೊಡ್ಡ ಕಂಪನಿಗಳು ಖರ್ಚು ಮಾಡುವುದು ಈ ಚಪ್ಪಟೆ ಭಾಗದಲ್ಲಿ. ಅಲ್ಲಿ ಶೇ 10ರಷ್ಟು ಕೂಡಿಸಿದರೂ ಕಳೆದರೂ ಮಾರಾಟ ಅಲುಗುವುದು ಕಡಿಮೆ. ಇಡೀ ದೇಶದ ವಾರ್ಷಿಕ ವೆಚ್ಚವನ್ನೂ ಮಾರಾಟವನ್ನೂ ಜೋಡಿಸಿ ನೋಡಿದ ಎಷ್ಟೋ ಅಧ್ಯಯನಗಳಿಗೆ ಸಂಬಂಧವೇ ಸಿಗದಿದ್ದುದು ಇದರಿಂದ. ಪರಿಣಾಮ ಕಾಣಬೇಕಾದರೆ ಗೆರೆಯ ಕಡಿದಾದ ಭಾಗದವರೆಗೆ ಇಳಿಯಬೇಕು, ಅಂದರೆ ಎಲ್ಲ ದಾರಿಗಳನ್ನೂ ಒಟ್ಟಿಗೇ ಮುಚ್ಚಬೇಕು. ಅರ್ಥಶಾಸ್ತ್ರಜ್ಞರಾದ ಸ್ಯಾಫರ್ ಮತ್ತು ಚಲೂಪ್ಕಾ 1970ರಿಂದ 1992ರವರೆಗಿನ 22 ದೇಶಗಳ ಅಂಕಿಅಂಶ ಹಿಡಿದು 2000ದಲ್ಲಿ ತೋರಿಸಿದ್ದೂ ಇದನ್ನೇ: ಸಮಗ್ರ ನಿಷೇಧ ಬಳಕೆಯನ್ನು ತಗ್ಗಿಸುತ್ತದೆ, ಅರೆಬರೆ ನಿಷೇಧದಿಂದ ಹೆಚ್ಚುಕಡಿಮೆ ಏನೂ ಆಗದು.

ಸೇದುವವರನ್ನು ಬ್ರಾಂಡ್ ಬದಲಿಸುವಂತೆ ಮಾಡುವುದಷ್ಟೇ ತಮ್ಮ ಗುರಿ ಎಂಬುದು ಕಂಪನಿಗಳ ಹಳೆಯ ವಾದ. ಆದರೆ ಸೇದುವವರಲ್ಲಿ ಕೆಲವರು ಬಿಡುತ್ತಾರೆ, ಕೆಲವರು ಸಾಯುತ್ತಾರೆ. ಹೊಸಬರು ಬಾರದಿದ್ದರೆ ವ್ಯಾಪಾರ ಉಳಿಯದು. ಹೊಸಬರಲ್ಲಿ ಬಹುಪಾಲು ಹದಿಹರೆಯದವರು. 1991ರ ಒಂದು ಅಮೆರಿಕನ್ ಅಧ್ಯಯನದಲ್ಲಿ 6 ವರ್ಷದ ಮಕ್ಕಳಲ್ಲಿ ಶೇ 91ರಷ್ಟು ಮಂದಿ ಕ್ಯಾಮೆಲ್ ಸಿಗರೇಟ್ ಜಾಹೀರಾತಿನ ಜೋ ಕ್ಯಾಮೆಲ್ ಎಂಬ ಒಂಟೆಯ ಚಿತ್ರವನ್ನು ಸಿಗರೇಟಿನ ಚಿತ್ರದೊಂದಿಗೆ ಸರಿಯಾಗಿ ಹೊಂದಿಸಿದ್ದರು.

ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ: ಮಾರುವುದು ಕಾನೂನುಬದ್ಧವಾದರೆ ಅದರ ಬಗ್ಗೆ ಮಾತಾಡುವುದು ಹೇಗೆ ತಪ್ಪು? ಕೆನಡಾದ ಸುಪ್ರೀಂ ಕೋರ್ಟ್ 1995ರಲ್ಲಿ 1988ರ ಕಾಯ್ದೆಯ ಜಾಹೀರಾತು ನಿಷೇಧವನ್ನು ಹೊಡೆದುಹಾಕಿತು. ಉದ್ದೇಶದಲ್ಲಿ ಅದು ತಪ್ಪು ಹುಡುಕಲಿಲ್ಲ. ಇಷ್ಟು ಕಟ್ಟುನಿಟ್ಟಲ್ಲದ ನಿರ್ಬಂಧ ಏಕೆ ಸಾಲದೆಂದು ಸರ್ಕಾರ ತೋರಿಸಿಲ್ಲ ಎಂದಿತು. 1997ರ ಹೊಸ ಕಾಯ್ದೆ ವಯಸ್ಕರಿಗೆ ಸರಕಿನ ಮಾಹಿತಿ ಕೊಡುವ ಜಾಹೀರಾತಿಗೆ ಸಣ್ಣ ಜಾಗ ಬಿಟ್ಟು, ಬದುಕಿನ ಥಳಕು ತೋರಿಸುವ ಜಾಹೀರಾತನ್ನು ನಿಷೇಧಿಸಿತು. 2007ರಲ್ಲಿ ಅದೇ ಕೋರ್ಟ್ ಅದನ್ನು ಎತ್ತಿಹಿಡಿಯಿತು.