ಒಂದಕ್ಷರದ ‘ಅಥವಾ’: ‘ಪೆರಿ ಹುಪ್ಸೂಸ್’ ಬರೆದವರು ಯಾರು?

ಪಾಶ್ಚಾತ್ಯ ಕಾವ್ಯಮೀಮಾಂಸೆಯನ್ನು ಓದಿದ ಕನ್ನಡಿಗರಿಗೆ ಲಾಂಜೈನಸ್ ಹೊಸಬನಲ್ಲ. ಮಾತು ಕೇಳುಗನನ್ನು ಒಪ್ಪಿಸಿದರೆ ಸಾಲದು, ಅವನನ್ನು ಮೈಮರೆಸಬೇಕು ಎನ್ನುವ ‘ಪೆರಿ ಹುಪ್ಸೂಸ್’, ಅಂದರೆ ಭವ್ಯತೆಯನ್ನು ಕುರಿತ ಗ್ರೀಕ್ ಪ್ರಬಂಧ, ಅವನದೆಂದೇ ಪಾಠವಾಗುತ್ತದೆ. ಆ ಹೆಸರಿನ ಆಧಾರ ಮಾತ್ರ ಬಹಳ ತೆಳುವಾದದ್ದು.

1554ರಲ್ಲಿ ಇಟಲಿಯ ವಿದ್ವಾಂಸ ರೊಬೊರ್ಟೆಲ್ಲೊ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್‌ನಲ್ಲಿ ಇದನ್ನು ಮೊದಲ ಬಾರಿಗೆ ಅಚ್ಚು ಹಾಕಿಸಿದಾಗ ಕರ್ತೃವಿನ ಹೆಸರು ‘ಡಯೊನಿಸಿಯಸ್ ಲಾಂಜೈನಸ್’ ಎಂದಿತ್ತು. ಸಿರಿಯಾದ ಪಾಲ್ಮೈರಾದ ರಾಣಿ ಜೆನೋಬಿಯಾಳ ಸಲಹೆಗಾರನಾಗಿದ್ದು, ಕ್ರಿ.ಶ. 273ರಲ್ಲಿ ರೋಮನ್ ಚಕ್ರವರ್ತಿ ಔರೇಲಿಯನ್‌ನಿಂದ ಮರಣದಂಡನೆಗೆ ಗುರಿಯಾದ ಕ್ಯಾಸಿಯಸ್ ಲಾಂಜೈನಸ್ಸೇ ಇವನೆಂದು ವಿದ್ವಾಂಸರು ನಂಬಿದರು. ಫ್ರೆಂಚ್ ಕವಿ-ವಿಮರ್ಶಕ ಬ್ವಾಲೋ ಅವರ 1674ರ ಫ್ರೆಂಚ್ ಅನುವಾದದೊಡನೆ ಆ ನಂಬಿಕೆ ಯುರೋಪಿನ ಉದ್ದಗಲಕ್ಕೂ ಹಬ್ಬಿತು.

1808ರಲ್ಲಿ ವ್ಯಾಟಿಕನ್‌ನ ಹಸ್ತಪ್ರತಿಯೊಂದರಲ್ಲಿ ‘ಡಯೊನಿಸಿಯಸ್ ಅಥವಾ ಲಾಂಜೈನಸ್’ ಎಂದಿರುವುದನ್ನು ಇಟಲಿಯ ವಿದ್ವಾಂಸ ಅಮಾಟಿ ಗಮನಿಸಿದರು. ಉಳಿದೆಲ್ಲ ಪ್ರತಿಗಳಿಗೂ ತಾಯಿಯಾದ, ಪ್ಯಾರಿಸ್‌ನಲ್ಲಿರುವ 10ನೆಯ ಶತಮಾನದ ಪ್ರತಿಯಲ್ಲಿ ಕೃತಿಯ ತಲೆಬರಹದಲ್ಲಿ ಎರಡು ಹೆಸರು ಕೂಡಿಕೊಂಡಿದ್ದರೆ, ಪರಿವಿಡಿಯಲ್ಲಿ ಅವುಗಳ ನಡುವೆ ಅದೇ ‘ಅಥವಾ’ ಇದೆ. ಗ್ರೀಕ್ ಲಿಪಿಯಲ್ಲಿ ಅದು ಒಂದೇ ಅಕ್ಷರ. ಕರ್ತೃವನ್ನು ಅರಿಯದ ಲಿಪಿಕಾರನೊಬ್ಬ ಹಾಲಿಕಾರ್ನಸ್ಸಿನ ಡಯೊನಿಸಿಯಸ್, ಲಾಂಜೈನಸ್ ಎಂಬ ಇಬ್ಬರು ಹೆಸರಾಂತ ವಿಮರ್ಶಕರನ್ನು ಊಹಿಸಿ, ತನ್ನ ಸಂದೇಹವನ್ನು ಪ್ರಾಮಾಣಿಕವಾಗಿ ದಾಖಲಿಸಿದ್ದಾನೆ ಎಂದೇ ಇದನ್ನು ಓದಬೇಕಾಗುತ್ತದೆ.

ಆ ಬಳಿಕ ವಿದ್ವಾಂಸರು ಕೃತಿಯ ಒಳಗನ್ನೇ ಸಾಕ್ಷಿಗೆ ಕರೆದರು. ಪ್ರಬಂಧ ಆರಂಭವಾಗುವುದೇ ರೋಮನ್ ಚಕ್ರವರ್ತಿ ಅಗಸ್ಟಸ್‌ನ ಕಾಲದ ವಾಕ್ಶಾಸ್ತ್ರಜ್ಞ ಸಿಸಿಲಿಯಸ್ ಬರೆದ ಪುಸ್ತಿಕೆಯೊಂದರ ಖಂಡನೆಯಿಂದ. ಕೊನೆಯ ಅಧ್ಯಾಯದಲ್ಲಿ ವಾಗ್ಮಿತೆ ಕುಂದಿದ್ದಕ್ಕೆ ಸ್ವಾತಂತ್ರ್ಯನಾಶ ಕಾರಣವೋ ಧನದಾಹ ಕಾರಣವೋ ಎಂಬ, 1ನೆಯ ಶತಮಾನದವರನ್ನು ಬಹುವಾಗಿ ಕಾಡಿದ ಚರ್ಚೆಯಿದೆ. 3ನೆಯ ಶತಮಾನದ ಕ್ಯಾಸಿಯಸ್ ತನಗಿಂತ ಸುಮಾರು ಎರಡೂವರೆ ಶತಮಾನ ಹಳೆಯದಾದ ಪುಸ್ತಿಕೆಯ ಮೇಲೆ ಇಷ್ಟು ಬಿಸಿಯಾಗಿ ವಾದಕ್ಕಿಳಿಯುವುದು ಸಹಜವಾಗಿ ಕಾಣುವುದಿಲ್ಲ. ಡಯೊನಿಸಿಯಸ್‌ನ ಪರವಾದ ವಾದವೂ ನಿಲ್ಲದು: ಅವನು ಸಿಸಿಲಿಯಸ್‌ನನ್ನು ಆತ್ಮೀಯನೆಂದು ಕರೆದವನು, ಪ್ಲೇಟೋನ ಶೈಲಿಯನ್ನು ಟೀಕಿಸಿದವನು, ಈ ಲೇಖಕನಾದರೋ ಸಿಸಿಲಿಯಸ್‌ನನ್ನು ಎದುರು ಹಾಕಿಕೊಂಡು ಪ್ಲೇಟೋನ ಪರ ನಿಲ್ಲುತ್ತಾನೆ.

ಹೀಗೆ 1ನೆಯ ಶತಮಾನದ ಅನಾಮಿಕನೆಂಬ ನಿಲುವು ಬಹುಮತ ಪಡೆಯಿತು. 1999ರಲ್ಲಿ ಬ್ರಿಟಿಷ್ ವಿದ್ವಾಂಸ ಮಾಲ್ಕಮ್ ಹೀತ್ ಕ್ಯಾಸಿಯಸ್‌ನ ಪಕ್ಷವನ್ನು ಮತ್ತೆ ಗಟ್ಟಿಯಾಗಿ ಮಂಡಿಸಿದ್ದರಿಂದ ಪ್ರಶ್ನೆ ಪೂರ್ತಿ ಮುಚ್ಚಿಲ್ಲ.

ತಾಯಿಪ್ರತಿಯ ಹಾಳೆಗಳು ಕಳೆದುಹೋಗಿ ಕೃತಿಯ ಸುಮಾರು ಮೂರನೆಯ ಒಂದು ಭಾಗ ನಮಗೆ ದಕ್ಕಿಲ್ಲ. ಭಾವಗಳನ್ನು ಕುರಿತು ಪ್ರತ್ಯೇಕವಾಗಿ ಬರೆಯುವುದಾಗಿ ಹಿಂದೆ ಕೊಟ್ಟ ಮಾತನ್ನು ಲೇಖಕ ಕೊನೆಯಲ್ಲಿ ನೆನೆಯುತ್ತಾನೆ. ಅವನನ್ನು ಗುರುತಿಸಲು ನೆರವಾಗಬಹುದಾಗಿದ್ದ ಆ ಮಾತು ಮುಂದುವರಿಯುವ ಮೊದಲೇ ಪಠ್ಯ ಕಡಿದುಹೋಗುತ್ತದೆ.