ಚಿಕ್ಕಮ್ಮನ ಸೈಕಲ್ಲು, ವೇಗದ ವರ್ಗ

ನಮ್ಮ ಚಿಕ್ಕಮ್ಮ ಐವತ್ತೆರಡನೇ ವಯಸ್ಸಿನಲ್ಲಿ ಸೈಕಲ್ ಕಲಿತರು. ದಾವಣಗೆರೆಯ ಹೈಸ್ಕೂಲ್ ಮೈದಾನಕ್ಕೆ ದಿನಾ ಬೆಳಿಗ್ಗೆ ಆರಕ್ಕೆ ಹೋಗಿ, ಇಪ್ಪತ್ತು ದಿನದಲ್ಲಿ ಎಂಟು ಹಾಕುವಷ್ಟು ಪಳಗಿದರು. ಆದರೆ ಮೈದಾನದ ಗೇಟು ಬಂದ ಕೂಡಲೇ ಇಳಿದುಬಿಡುತ್ತಾರೆ. ಅಲ್ಲಿಂದ ಮನೆತನಕ ಸೈಕಲ್ ತಳ್ಳಿಕೊಂಡೇ ಬರುತ್ತಾರೆ. ಮನೆಯವರೆಲ್ಲ ಹೇಳೋದು ಒಂದೇ ಮಾತು, "ಧೈರ್ಯ ಸಾಲದು." ಚಿಕ್ಕಪ್ಪ ಅಮಾವಾಸ್ಯೆ ದಿನ ಹ್ಯಾಂಡಲ್ಲಿಗೆ ನಿಂಬೆಹಣ್ಣು, ಹಸಿಮೆಣಸಿನಕಾಯಿ ಕಟ್ಟಿದ್ದೂ ಆಯಿತು.

ಈ ಧೈರ್ಯದ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತೆ. ಚಿಕ್ಕಮ್ಮನ ಹೆದರಿಕೆಯ ಹಿಂದೆ ಅಪ್ಪಟ ಭೌತವಿಜ್ಞಾನ ಇದೆ. ಲೆಕ್ಕ ಬಿಡಿಸೋಕೆ ಅವರಿಗೆ ಬರದೇ ಇರಬಹುದು, ಉತ್ತರ ಮಾತ್ರ ಅವರ ಮೈಗೆ ಗೊತ್ತಿದೆ.

ಸೈಕಲ್ ಯಾಕೆ ಬೀಳಲ್ಲ? ತಿರುಗುವ ಬುಗುರಿ ಬೀಳದ ಹಾಗೆ ತಿರುಗುವ ಚಕ್ರವೂ ಬೀಳಲ್ಲ ಅಂತ ನಾವೆಲ್ಲ ಕೇಳಿದ್ದೇವೆ. ಇಂಗ್ಲೆಂಡಿನ ಡೇವಿಡ್ ಜೋನ್ಸ್ ಎಂಬ ರಸಾಯನಶಾಸ್ತ್ರಜ್ಞನಿಗೆ ಇದು ನಂಬಿಕೆ ಬರಲಿಲ್ಲ. ಮುಂದಿನ ಚಕ್ರದ ಪಕ್ಕಕ್ಕೆ ಇನ್ನೊಂದು ಚಕ್ರ ಜೋಡಿಸಿ, ಅದನ್ನು ಉಲ್ಟಾ ತಿರುಗಿಸಿದ. ಒಂದರ ಬುಗುರಿ ಗುಣವನ್ನು ಇನ್ನೊಂದು ಕಳೆಯಿತು. ಆದರೂ ಆರಾಮಾಗಿ ಸವಾರಿ ಮಾಡಿದ. 1970ರಲ್ಲಿ ಅದನ್ನು ಬರೆದು ಪ್ರಕಟಿಸಿದ. 2011ರಲ್ಲಿ ಅಮೆರಿಕ ಮತ್ತು ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಸೇರಿ ಬುಗುರಿ ಗುಣವೇ ಇಲ್ಲದ ಒಂದು ಪುಟ್ಟ ಸೈಕಲ್ ಮಾಡಿದರು. ತಳ್ಳಿ ಬಿಟ್ಟರೆ ಅದು ಸವಾರನಿಲ್ಲದೆ ತಾನೇ ನೆಟ್ಟಗೆ ಹೋಯಿತು.

ಸವಾರ ಮಾಡುವ ಕೆಲಸ ಇಷ್ಟೇ. ಎಡಕ್ಕೆ ವಾಲಿದರೆ ಹ್ಯಾಂಡಲ್ ಎಡಕ್ಕೆ, ಬಲಕ್ಕೆ ವಾಲಿದರೆ ಬಲಕ್ಕೆ. ಬೀಳುವ ಮೈಯ ಕೆಳಗೆ ಚಕ್ರವನ್ನು ತಂದು ಹಿಡಿಯುವುದು. ಚಿಕ್ಕವರಿದ್ದಾಗ ಅಂಗೈ ಮೇಲೆ ಕೋಲು ನಿಲ್ಲಿಸಿ ಓಡಾಡುತ್ತಿದ್ದೆವಲ್ಲ, ಅದೇ ಆಟ. ಕೋಲು ವಾಲಿದ ಕಡೆಗೆ ಕೈ ಓಡಬೇಕು.

ಸೈಕಲ್ಲಿನಲ್ಲಿ ಆ "ಕೈ" ಎಷ್ಟು ಬೇಗ ಓಡುತ್ತೆ ಅನ್ನೋದು ವೇಗದ ಮೇಲೆ ನಿಂತಿದೆ, ಅದೂ ವೇಗದ ವರ್ಗದ ಮೇಲೆ, ಅಂದರೆ ವೇಗವನ್ನು ಅದೇ ವೇಗದಿಂದ ಗುಣಿಸಿದ್ದರ ಮೇಲೆ. ಹ್ಯಾಂಡಲ್ ಅಷ್ಟೇ ತಿರುಗಿಸಿದರೂ ಗಂಟೆಗೆ 16 ಕಿ.ಮೀ.ನಲ್ಲಿ ಸಿಗುವ ಪಕ್ಕದ ತಳ್ಳು 8 ಕಿ.ಮೀ.ನಲ್ಲಿ ಕಾಲು ಭಾಗಕ್ಕೆ ಇಳಿಯುತ್ತೆ. ಹಾಗಾಗಿ ನಿಧಾನ ಹೋಗುವವರು ನಾಲ್ಕು ಪಟ್ಟು ಜಾಸ್ತಿ ತಿರುಗಿಸಬೇಕು. ಹರಿಹರದಲ್ಲಿ ತುಂಗಭದ್ರೆಯ ಮೇಲೆ ಚುಕ್ಕಾಣಿ ಇರುವ ದೋಣಿ ಬಿಟ್ಟರೂ ಇದೇ ಕಥೆ. ದೋಣಿ ಜೋರಾಗಿದ್ದರೆ ಚುಕ್ಕಾಣಿ ಒಂದು ಬೆರಳು ಅಲುಗಿದರೆ ಸಾಕು. ನಿಧಾನವಾದರೆ ಪೂರ್ತಿ ಎಳೆದರೂ ದೋಣಿ ಮಾತು ಕೇಳಲ್ಲ. ಇದನ್ನು ಯೋಚಿಸಿದಾಗೆಲ್ಲ ನನಗೆ ಖುಷಿಯಾಗುತ್ತೆ. ಹೊಸಬರು ಹೆದರಿ ನಿಧಾನ ಹೋಗುತ್ತಾರೆ, ನಿಧಾನ ಹೋಗಿದ್ದಕ್ಕೇ ಓಲಾಡುತ್ತಾರೆ, ಓಲಾಡಿದ್ದಕ್ಕೆ ಇನ್ನೂ ಹೆದರುತ್ತಾರೆ. ಹ್ಯಾಂಡಲ್ಲಿನ ಅಗಲ ಹೆಚ್ಚುಕಡಿಮೆ 60 ಸೆಂಟಿಮೀಟರ್. ಸವಾರರಿಗೆ ಬೇಕಾದ ಜಾಗ ಸುಮಾರು ಒಂದು ಮೀಟರ್. ಚಿಕ್ಕಮ್ಮನಿಗೆ ಇನ್ನೂ ಜಾಸ್ತಿ.

ಈಗ ಪಿ.ಬಿ. ರಸ್ತೆಗೆ ಬನ್ನಿ. ಪುಣೆ-ಬೆಂಗಳೂರು ಹಳೆ ಹೆದ್ದಾರಿ. ದೊಡ್ಡ ಲಾರಿಗಳು ಬೈಪಾಸಿಗೆ ಹೋದವು, ಹೆದ್ದಾರಿಯ ಅಗಲ ಊರಿನಲ್ಲೇ ಉಳಿಯಿತು. ಎದುರಿಗೆ ನೇರ, ಅಗಲ ರಸ್ತೆ ಕಂಡರೆ ಯಾರ ಕಾಲಾದರೂ ಆಕ್ಸಿಲರೇಟರ್ ಮೇಲೆ ಭಾರವಾಗುತ್ತೆ. ಇಲ್ಲೂ ಅದೇ ವರ್ಗ ಕಾದು ಕೂತಿದೆ. ಗಂಟೆಗೆ 50 ಕಿ.ಮೀ.ನಲ್ಲಿ ಬರುವ ಕಾರಿನ ಶಕ್ತಿ 30 ಕಿ.ಮೀ.ನಲ್ಲಿ ಬರುವ ಅದೇ ಕಾರಿನ ಸುಮಾರು 2.8 ಪಟ್ಟು. ಚಿಕ್ಕಮ್ಮ ಹದಿಮೂರು ಹದಿನಾಲ್ಕು ಮೀಟರ್ ಮುಂದೆ ಬಿದ್ದರು ಅಂದುಕೊಳ್ಳಿ. ಚಾಲಕನ ಕಾಲು ಬ್ರೇಕ್ ಮುಟ್ಟೋಕೆ ಒಂದು ಸೆಕೆಂಡ್ ಬೇಕು. ಒಣ ರಸ್ತೆ, ಒಳ್ಳೆ ಬ್ರೇಕ್ ಇದ್ದರೆ 30ರಲ್ಲಿ ಬಂದ ಕಾರು ಅವರ ಹತ್ತಿರ ಬರುವಷ್ಟರಲ್ಲಿ ನಿಂತಿರುತ್ತೆ. 50ರಲ್ಲಿ ಬಂದದ್ದು ಆ ಒಂದು ಸೆಕೆಂಡಿನಲ್ಲೇ ಹದಿನಾಲ್ಕು ಮೀಟರ್ ಮುಗಿಸಿರುತ್ತೆ. ಬ್ರೇಕ್ ಇನ್ನೂ ಹಿಡಿದೇ ಇಲ್ಲ!

ಒಂದು ಕಡೆ ನಿಧಾನ ಅಂತ ಹೊಡೆತ, ಇನ್ನೊಂದು ಕಡೆ ಜೋರು ಅಂತ ಹೊಡೆತ. ಇವೆರಡರ ನಡುವೆ ನಮ್ಮ ಊರುಗಳು ಇಡುವುದು ಏನನ್ನು? ಸೈಕಲ್ಲಿನವರಿಗೆ ಅಂತ ಎಳೆದ ಒಂದು ಬಿಳಿ ಗೆರೆ. ನೀವು ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಬೈಕಿನವರಿಗೆ ಬಣ್ಣದ ಗೆರೆ ಯಾವ ಲೆಕ್ಕ? ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ಕಾರು ನಿಂತಿರುತ್ತೆ, ಪಕ್ಕಕ್ಕೊಂದು ಮಂಡಕ್ಕಿ-ಮಿರ್ಚಿ ಗಾಡಿ. ಗಾಡಿಯವರನ್ನು ಬೈಯಲ್ಲ, ನಾನೂ ಅಲ್ಲೇ ತಿನ್ನೋದು. ಆದರೆ ಗೆರೆ ದಾಟಿ ಸೈಕಲ್ಲಿನವರು ನಡುರಸ್ತೆಗೆ ಬರಬೇಕಾಗುತ್ತೆ.

ಬೇಕಾಗಿರೋದು ಗಟ್ಟಿ ಅಂಚು. ವಾಹನದ ದಾರಿಗೂ ಸೈಕಲ್ ದಾರಿಗೂ ನಡುವೆ ಏರಿಸಿದ ಕಲ್ಲು, ಒಳಗೆ ಎರಡು ಮೀಟರ್ ಅಗಲ. ಒಬ್ಬರು ಓಲಾಡಿದರೂ ಇನ್ನೊಬ್ಬರು ದಾಟಿ ಹೋಗಬಹುದು. ಒಳಬಡಾವಣೆಗಳಲ್ಲಿ ಇದರ ಅಗತ್ಯವೇ ಇಲ್ಲ. ಅಲ್ಲಿ ವಾಹನಗಳನ್ನು 30ಕ್ಕೆ ಇಳಿಸಿದರೆ ಸಾಕು.

ಕಷ್ಟ ಇರೋದು ಸರ್ಕಲ್ಲುಗಳಲ್ಲಿ. ಅಲ್ಲಿ ಕಲ್ಲಿನ ಅಂಚು ಮುಗಿಯುತ್ತೆ, ತಿರುಗುವ ವಾಹನ ಸೈಕಲ್ ದಾರಿಯನ್ನು ಅಡ್ಡ ಕತ್ತರಿಸುತ್ತೆ. ನಮ್ಮವರು ಮೂಲೆಯನ್ನು ದೊಡ್ಡದಾಗಿ, ಉರುಟಾಗಿ ಕಟ್ಟುತ್ತಾರೆ. ನೋಡೋಕೆ ಚೆನ್ನಾಗಿರುತ್ತೆ, ಅಷ್ಟೇ. ತಿರುವಿನಲ್ಲಿ ಎಷ್ಟು ಜೋರಾಗಿ ಹೋಗಬಹುದು ಅನ್ನೋದನ್ನು ಹೇಳುವುದೂ ಅದೇ ವರ್ಗ. ಮೂಲೆಯ ತ್ರಿಜ್ಯ ಕಾಲು ಭಾಗ ಮಾಡಿದರೆ ವೇಗ ಅರ್ಧಕ್ಕೆ ಇಳಿಯುತ್ತೆ. ಪೊಲೀಸೂ ಬೇಡ, ಬೋರ್ಡೂ ಬೇಡ. ಅಡ್ಡರಸ್ತೆ ಸೇರುವ ಕಡೆ ಸೈಕಲ್ ದಾರಿಯನ್ನು ಕೆಳಗಿಳಿಸದೆ, ಅದೇ ಎತ್ತರದಲ್ಲಿ ಮುಂದುವರಿಸಬೇಕು. ಆಗ ವಾಹನವೇ ಹತ್ತಿ ಇಳಿಯಬೇಕು. ರೈಲು ಹಳಿ ದಾಟುವ ಕಡೆ ದಾರಿಯನ್ನು ತುಸು ಬಾಗಿಸಿ, ಹಳಿಗೆ ಅಡ್ಡಲಾಗಿ ನೇರ ಸಿಗುವಂತೆ ಮಾಡಬೇಕು. ಓರೆಯಾಗಿ ದಾಟಿದರೆ ಟೈರು ಸಂದಿಯಲ್ಲಿ ಸಿಗುತ್ತೆ. ಅಶೋಕ ರಸ್ತೆಯ ಗೇಟಿನಲ್ಲಿ ನಾನು ಕಾಲೇಜಿನ ದಿನಗಳಲ್ಲಿ ಹೀಗೇ ಬಿದ್ದಿದ್ದೆ, ಮೊಣಕಾಲಿನ ಕಲೆ ಇನ್ನೂ ಇದೆ.

"ಅದೆಲ್ಲ ಹಾಲೆಂಡಿಗೆ ಸರಿ, ಅವರ ರಕ್ತದಲ್ಲೇ ಸೈಕಲ್ ಇದೆ" ಅನ್ನುವವರು ತುಂಬಾ ಜನ. ರಕ್ತದ ಮಾತು ಬಂದದ್ದೇ ಒಳ್ಳೆಯದಾಯಿತು. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಅಲ್ಲೂ ಕಾರು ಹೆಚ್ಚಿ ಸೈಕಲ್ ಕಡಿಮೆಯಾಗುತ್ತಿತ್ತು. ಮಗಳನ್ನು ಕಳೆದುಕೊಂಡ ಒಬ್ಬ ಪತ್ರಕರ್ತ "ಮಕ್ಕಳ ಕೊಲೆ ನಿಲ್ಲಿಸಿ" ಅಂತ ಬರೆದ. ತಂದೆತಾಯಿಗಳು ಬೀದಿಗಿಳಿದರು. 1973ರಲ್ಲಿ ತೈಲದ ಬಿಕ್ಕಟ್ಟೂ ಬಂತು. ಈಗ ನಾವು ನೋಡುವ ದಾರಿಗಳು ಆಮೇಲಿನವು. ಬಿಸಿಲಿನ ನೆಪಕ್ಕೆ ಸ್ಪೇನಿನ ಸೆವಿಲ್ಯ ಉತ್ತರ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು. 2006ರ ಆಸುಪಾಸಿನಲ್ಲಿ ಶುರುಮಾಡಿ, ಸುಮಾರು 80 ಕಿ.ಮೀ. ದಾರಿಯನ್ನು ಒಂದಕ್ಕೊಂದು ಸೇರುವ ಹಾಗೆ ಬೇಗ ಬೇಗ ಕಟ್ಟಿದರು. ಕೆಲವೇ ವರ್ಷದಲ್ಲಿ ಸೈಕಲ್ಲಿನವರು ಹಲವು ಪಟ್ಟಾದರು. ತುಂಡು ತುಂಡಾಗಿ ಕಟ್ಟಿದ್ದರೆ ಯಾರೂ ಬರುತ್ತಿರಲಿಲ್ಲ. ನಡುವೆ ನಾಲ್ಕು ಮೆಟ್ಟಿಲು ಇಲ್ಲದ ಏಣಿಯನ್ನು ಯಾರು ಹತ್ತುತ್ತಾರೆ?

ಅಮೆರಿಕದ ಪೋರ್ಟ್‌ಲೆಂಡ್ ನಗರದ ಸೈಕಲ್ ಯೋಜನೆ ನೋಡಿಕೊಳ್ಳುತ್ತಿದ್ದ ರೋಜರ್ ಗೆಲ್ಲರ್ 2006ರಲ್ಲಿ ಊರಿನವರನ್ನು ನಾಲ್ಕು ಗುಂಪು ಮಾಡಿದ. ಯಾವ ರಸ್ತೆಗೂ ಹೆದರದವರು ನೂರಕ್ಕೆ ಒಬ್ಬರೂ ಇಲ್ಲ. "ಆಸೆ ಇದೆ, ಆದರೆ ಭಯ" ಅನ್ನುವವರು ನೂರಕ್ಕೆ 60. ಅದು ಅವನ ಅಂದಾಜು. ಆಮೇಲಿನ ಸಮೀಕ್ಷೆಯಲ್ಲೂ ಹೆಚ್ಚುಕಡಿಮೆ ಅದೇ ಬಂತು. ದಾರಿ ಕಟ್ಟಬೇಕಾದದ್ದು ಆ ಅರವತ್ತು ಜನರ ಅಳತೆಗೆ. ನಮ್ಮ ರಾಜ್ಯದಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ 2006-07ರಿಂದ ವರ್ಷಗಟ್ಟಲೆ ಸರ್ಕಾರವೇ ಸೈಕಲ್ ಕೊಟ್ಟಿತು. ಅದನ್ನು ಓಡಿಸುವ ದಾರಿಯ ಬಗ್ಗೆ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ.

ಮೊನ್ನೆ ಇದನ್ನೆಲ್ಲ ಚಿಕ್ಕಮ್ಮನಿಗೆ ಹೇಳಿದೆ. ವರ್ಗ, ಚುಕ್ಕಾಣಿ ಯಾವುದನ್ನೂ ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. "ಎರಡು ಮೀಟರ್ ಅಂದರೆ ಎಷ್ಟಾಗುತ್ತೋ?" ಅಂದರು. ಒಂದು ಕಾರು ನಿಲ್ಲಿಸುವಷ್ಟು ಅಗಲ ಅಂದೆ. ಅವರು ಕಿಟಕಿಯಿಂದ ಬಗ್ಗಿ ನೋಡಿ, "ಎದುರುಮನೆಯವರದ್ದು ಯುಗಾದಿಯಿಂದ ಅಲ್ಲೇ ನಿಂತಿದೆ ನೋಡು, ಅಷ್ಟು ತಾನೇ?" ಅಂದರು.